ಹರಿವಾಣದಲ್ಲಿ ಎಳೆದ ಗೆರೆ

"ಇಷ್ಟು ಅನ್ನದಲ್ಲಿ ಎಷ್ಟು ಕ್ಯಾಲೊರಿ ಇರ್ಬೋದು?"

ಮಹೀನ್ ಇದನ್ನು ಕೇಳಿದ್ದು ಯಾರನ್ನೂ ಅಲ್ಲ, ತನ್ನನ್ನೇ. ತುಮಕೂರು ದಾಟಿದ ಮೇಲೆ ಹೆದ್ದಾರಿಯ ಪಕ್ಕಕ್ಕೆ ಸಿಗುವ ಆ ಹೋಟೆಲಿನಲ್ಲಿ, ನೆಲಕ್ಕೆ ಹಾಸಿದ ಗಾದಿಯ ಮೇಲೆ ಮನೆಯ ಐದೂ ಜನ ಸುತ್ತ ಕೂತಿದ್ದರು. ನಡುವೆ ಒಂದೇ ಹರಿವಾಣ. ಅರಬ್ಬರ ಕಡೆಯ ಅಡುಗೆ ಅದು; ಗುಡ್ಡೆ ಹಾಕಿದ ಅನ್ನ, ಮೇಲೆ ಸುಟ್ಟ ಕೋಳಿ, ಹುರಿದ ಈರುಳ್ಳಿ, ಒಣದ್ರಾಕ್ಷಿ. ಅತ್ತೆ ಕುಲ್ಸುಂ ಬೀ ಬಿಸ್ಮಿಲ್ಲಾ ಹೇಳಿ ಕೈ ಚಾಚಿದ್ದರು. ಅಷ್ಟರಲ್ಲಿ ಕಿರಿಯ ಸೊಸೆ ಮಹೀನ್ ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡು, ಚಮಚದ ಅಂಚಿನಿಂದ ಅನ್ನದಲ್ಲಿ ಎರಡು ಗೆರೆ ಎಳೆದಳು. ನಡುವಿನಿಂದ ಅಂಚಿನವರೆಗೆ, ಹೊಲಕ್ಕೆ ಬದು ಹಾಕಿದ ಹಾಗೆ. ಆಮೇಲೆ ಬ್ಯಾಗಿನಿಂದ ಒಂದು ಪುಟ್ಟ ಸ್ಟೀಲ್ ಬಟ್ಟಲು ತೆಗೆದು ಅಳೆಯುತ್ತ, ಗೆರೆಯೊಳಗೆ ಹೆಚ್ಚಾದ ಅನ್ನವನ್ನು ಆಚೆಗೆ ಸುರಿಯತೊಡಗಿದಳು.

ಕುಲ್ಸುಂ ಬೀಯವರ ಕೈ ಅಲ್ಲೇ ನಿಂತಿತು.

"ಏನಮ್ಮಾ ಅದು?"

"ನನ್ನ ಪಾಲು, ಅಮ್ಮಿ. ಎರಡು ಬಟ್ಟಲು. ಅದಕ್ಕಿಂತ ಜಾಸ್ತಿ ಹೋಗ್ಬಾರ್ದು."

ಪಾಲು ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಬಾಯಿಗೆ ತರುತ್ತಿರಲಿಲ್ಲ. ಕುಲ್ಸುಂ ಬೀಯವರ ಗಂಡ ತನ್ನ ಅಣ್ಣತಮ್ಮಂದಿರ ಜೊತೆ ಅಂಗಡಿ ಪಾಲು ಮಾಡಿಕೊಂಡು, ಆಮೇಲೆ ಹದಿನಾರು ವರ್ಷ ಒಬ್ಬರ ಮುಖ ಒಬ್ಬರು ನೋಡದೆ ಬದುಕಿದವರು. ಸಾಯುವ ಮುಂಚೆ ಹೆಂಡತಿಯಿಂದ ಒಂದೇ ಮಾತು ತೆಗೆದುಕೊಂಡಿದ್ದರು: ಮಕ್ಕಳಿಬ್ಬರೂ ವಾರಕ್ಕೆ ಒಂದು ಹೊತ್ತಾದರೂ ಒಂದೇ ತಟ್ಟೆಯಲ್ಲಿ ಉಣ್ಣಬೇಕು. ಹನ್ನೊಂದು ವರ್ಷದಿಂದ ಆಕೆ ಅದನ್ನು ನಮಾಜಿನಷ್ಟೇ ನಿಷ್ಠೆಯಿಂದ ನಡೆಸಿಕೊಂಡು ಬಂದಿದ್ದರು. ದೊಡ್ಡವನು ಮಕ್ಸೂದ್, ಚಿಕ್ಕವನು ಅರ್ಷದ್, ಬಿ.ಎಚ್. ರಸ್ತೆಯಲ್ಲಿ ಕಾರಿಗೆ, ಆಟೋಗೆ ಸೀಟ್ ಕವರ್ ಹೊಲಿಯುವ ಅಂಗಡಿ ಇಬ್ಬರದೂ ಒಂದೇ. ಮೊದಲೆಲ್ಲ ಭಾನುವಾರದ ಹರಿವಾಣ ಮನೆಯಲ್ಲೇ ತುಂಬುತ್ತಿತ್ತು. ಹಿರಿಸೊಸೆ ಇರಮ್‌ಗೆ ಬೆನ್ನುನೋವು ಶುರುವಾದ ಮೇಲೆ ಮಕ್ಸೂದ್ ಎಲ್ಲರನ್ನೂ ಹೋಟೆಲಿಗೆ ಕರೆದೊಯ್ಯತೊಡಗಿದ. ತಟ್ಟೆ ಒಂದೇ ಇರುವುದರಿಂದ ಕುಲ್ಸುಂ ಬೀಯವರೂ ಒಪ್ಪಿದ್ದರು.

"ಒಂದೇ ತಟ್ಟೇಲಿ ಕೂತ್ಕೊಂಡು ಗಡಿ ಹಾಕ್ತಾರಾ?" ಎಂದರು ಈಗ.

"ತನ್ನ ಮುಂದೆ ಇರೋದನ್ನೇ ತಿನ್ಬೇಕು ಅಂತ ನೀವೇ ತಾನೆ ಹೇಳ್ಕೊಟ್ಟಿದ್ದು? ಮುಂದೆ ಇರೋದು ಎಷ್ಟು ಅಂತ ಗುರುತು ಮಾಡ್ಕೊಂಡೆ, ಅಷ್ಟೇ."

ಪಕ್ಕದ ಗಾದಿಯವರು ತಿರುಗಿ ನೋಡಿದರು. ಮನೆಗೆ ಹೋಗಿ ಮಾತಾಡೋಣ ಎಂದು ಮಕ್ಸೂದ್ ತಗ್ಗಿದ ದನಿಯಲ್ಲಿ ಗದರಿದ. ಕುಲ್ಸುಂ ಬೀ ಕೋಳಿಯ ತೊಡೆ ಮುರಿದು, ಚರ್ಮದ ಸಮೇತ, ಬೆರಳಿನಿಂದ ಗೆರೆ ದಾಟಿಸಿ ಮಹೀನಳ ಕಡೆಗೆ ತಳ್ಳಿದರು. ಹಿರಿಯರು ಮಾಂಸ ಬಿಡಿಸಿ ಒಬ್ಬೊಬ್ಬರ ಮುಂದಕ್ಕೆ ಸರಿಸುವುದು ಆ ಮನೆಯ ರೀತಿ. ಸರಿಸಿದ್ದನ್ನು ತಿನ್ನುವುದು ಕಿರಿಯರ ರೀತಿ. ಮಹೀನ್ ತುಂಡನ್ನು ಚಮಚದಲ್ಲಿ ಎತ್ತಿ ಅತ್ತೆಯ ಮುಂದಕ್ಕೆ ವಾಪಸ್ ಇಟ್ಟಳು. ಹನ್ನೊಂದು ವರ್ಷದಲ್ಲಿ ಹಾಗೆ ಮಾಡಿದವರು ಯಾರೂ ಇರಲಿಲ್ಲ.

ಮನೆಮಾತು ಉರ್ದುವಾದರೂ ಆ ಮನೆಯವರಿಗೆ ಜಗಳ ಮಾತ್ರ ಕನ್ನಡದಲ್ಲೇ ಬರುತ್ತಿತ್ತು. ಕಾರು ಊರು ಮುಟ್ಟುವವರೆಗೂ ಕನ್ನಡವೇ ನಡೆಯಿತು.

ಮಹೀನ್‌ದು ಹಟವೇ ಹೊರತು ಶೋಕಿಯಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಮದುವೆಯಾಗಿ ಐದು ವರ್ಷ. ಎರಡು ಸಲ ಬಸಿರು ನಿಂತು ಎರಡು ಸಲವೂ ಮೂರು ತಿಂಗಳು ತುಂಬುವ ಮೊದಲೇ ಹೋಗಿತ್ತು. ಎರಡನೆಯ ಸಲ ಸಕ್ಕರೆಯೂ ಕಾಣಿಸಿಕೊಂಡಿತು. ಡಾಕ್ಟರು, ನಾಲ್ಕು ತಿಂಗಳಲ್ಲಿ ಎಂಟು ಕೇಜಿ ಇಳಿಸಿಕೊಂಡು ಬಂದರೆ ಮಾತ್ರ ಟ್ರೀಟ್‌ಮೆಂಟ್ ಶುರು ಮಾಡುತ್ತೇನೆ, ಇಲ್ಲದಿದ್ದರೆ ಮತ್ತೆ ಅದೇ ಕತೆಯಾಗುತ್ತದೆ ಎಂದಿದ್ದರು. ದಿನಕ್ಕೆ ಸಾವಿರದ ನಾನೂರು ಕ್ಯಾಲೊರಿ ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಆ ಚೀಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿತ್ತು.

ಕುಲ್ಸುಂ ಬೀಯವರಿಗೆ ಆ ಚೀಟಿ ಕಂಡರೆ ಆಗುತ್ತಿರಲಿಲ್ಲ. ತಾವು ಬಸಿರಾಗಿದ್ದಾಗ ತಮ್ಮ ಅತ್ತೆ ಬಾದಾಮಿ ಅರೆದು ತುಪ್ಪದಲ್ಲಿ ಹುರಿದು ಬಾಯಿಗೆ ತುರುಕುತ್ತಿದ್ದುದು ಅವರಿಗೆ ನೆನಪಿತ್ತು. "ಹೊಟ್ಟೆ ಕಟ್ಟಿದ್ರೆ ಮಗು ನಿಲ್ಲುತ್ತಾ? ಖಾಲಿ ಮನೆಗೆ ಯಾರು ಬಂದು ಇರ್ತಾರೆ?" ಎಂದು ಅಡುಗೆಮನೆಯಲ್ಲಿ ಕೂತು ದಿನಕ್ಕೆರಡು ಸಲವಾದರೂ ಕೇಳುತ್ತಿದ್ದರು. ಮಹೀನ್ ಒಂದು ದಿನ ಚಪ್ಪಟೆಯಾದ ಎಲೆಕ್ಟ್ರಾನಿಕ್ ತಕ್ಕಡಿ ತಂದು ಒಲೆಯ ಪಕ್ಕ ಇಟ್ಟಳು.

ಅದರ ಬಿಸಿ ತಟ್ಟಿದ್ದು ಇರಮ್‌ಗೆ. ಸಾರಿಗೆ ಎಷ್ಟು ಎಣ್ಣೆ ಹಾಕಿದಿರಿ ಭಾಭಿ, ಮೊದಲು ಅಳೆದು ಆಮೇಲೆ ಹಾಕಿ ಭಾಭಿ, ಎಂದು ಓರಗಿತ್ತಿ ಹೇಳಿದ ದಿನ ಇರಮ್ ಸೌಟನ್ನು ಪಾತ್ರೆಯೊಳಗೇ ಬಿಟ್ಟು ಹೊರಗೆ ಬಂದಳು. ಇಪ್ಪತ್ತೊಂದು ವರ್ಷದ ಹಿಂದೆ ಅವಳು ಗುಬ್ಬಿಯಿಂದ ಮದುವೆಯಾಗಿ ಬಂದಾಗ ಎಣ್ಣೆಯ ಡಬ್ಬಕ್ಕೆ ಬೀಗವಿತ್ತು. ಬೆಳಿಗ್ಗೆ ಅತ್ತೆ ಬೀಗ ತೆಗೆದು ಒಂದು ಲೋಟ ಸುರಿದುಕೊಡುತ್ತಿದ್ದರು. ಸಂಜೆ ಉಳಿದದ್ದು ಎಷ್ಟೆಂದು ನೋಡುತ್ತಿದ್ದರು.

"ಆಗ ನೀವು ಅಳೆದ್ರಿ, ಈಗ ನಿಮ್ಮ ಚಿಕ್ಕ ಸೊಸೆ ಅಳೀತಾಳೆ," ಎಂದಳು ಅತ್ತೆಗೆ. "ನಾನೇನು ಎಣ್ಣೆ ಕದ್ದು ತವರಿಗೆ ಸಾಗಿಸ್ತಿದೀನಾ?"

ಯಾರೂ ಹಾಗನ್ನಲಿಲ್ಲ ಎಂದರು ಕುಲ್ಸುಂ ಬೀ. ಆದರೆ ಒಳಗೊಳಗೇ ಅವರಿಗೆ ಒಂದು ಬಗೆಯ ಸಮಾಧಾನವೂ ಆಯಿತು. ಹಿರಿಸೊಸೆಯ ಕೋಪ ಇಷ್ಟು ವರ್ಷಕ್ಕೆ ತಮ್ಮನ್ನು ಬಿಟ್ಟು ಬೇರೆಯವರ ಕಡೆ ತಿರುಗಿತ್ತು.

ಗೆರೆ ಎಳೆದ ದಿನದಿಂದ ಎಣಿಸಿದರೆ ಮೂರನೆಯ ಭಾನುವಾರ ಗುಬ್ಬಿಗೆ ಹೋಗುವುದಿತ್ತು. ಇರಮ್‌ಳ ಅಣ್ಣ ಅಫ್ತಾಬ್ ಬಸ್‌ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೆ ಫ್ಯಾಮಿಲಿ ರೆಸ್ಟೋರೆಂಟ್ ತೆರೆದಿದ್ದ. ಅವತ್ತೇ ಮೊದಲ ದಿನ. ನೆಂಟರೆಲ್ಲ ಸೇರಿದ್ದರು, ಮೊದಲ ಹರಿವಾಣ ತಂಗಿಯ ಅತ್ತೆಮನೆಯವರಿಗೆ ಎಂದು ಅಫ್ತಾಬ್ ತಾನೇ ಹೊತ್ತು ತಂದು ಇಟ್ಟ. ಪಿಸ್ತಾ ಚೂರು ಉದುರಿಸಿದ ಅನ್ನ, ತುಪ್ಪದಲ್ಲಿ ಮಿಂದ ಕುರಿಮಾಂಸ. ಇರಮ್ ಹೊಸ ದುಪಟ್ಟಾ ಹೊದ್ದಿದ್ದಳು. ಬೆನ್ನುನೋವು ಮರೆತವಳಂತೆ ಓಡಾಡಿ ಎಲ್ಲರಿಗೂ ನೀರು ಇಡುತ್ತಿದ್ದಳು.

ಮಹೀನ್ ಮೊಬೈಲ್ ತೆಗೆದಳು.

"ಭಾಯಿ, ಒಂದು ಕೇಜಿ ಅಕ್ಕಿಗೆ ಎಷ್ಟು ತುಪ್ಪ, ಎಷ್ಟು ಎಣ್ಣೆ ಹಾಕಿದೀರಾ?"

ಅಫ್ತಾಬ್ ನಕ್ಕ. ಹೊಗಳಲು ಕೇಳುತ್ತಿದ್ದಾಳೆ ಎಂದುಕೊಂಡು, ಕೈಬಿಚ್ಚಿ ಹಾಕಿದೀನಿ, ಧಾರಾಳವಾಗಿ ತಿನ್ನಿ ಎಂದ. ಹಾಗಲ್ಲ, ಗ್ರಾಂ ಲೆಕ್ಕದಲ್ಲಿ ಹೇಳಿ ಎಂದಳು ಅವಳು. ಅವನು ಅಡುಗೆಯವನನ್ನು ಕೇಳಬೇಕಾಯಿತು. ಅಡುಗೆಯವನು ಹೇಳಿದ ಲೆಕ್ಕವನ್ನು ಅವಳು ಮೊಬೈಲಿಗೆ ಒತ್ತಿ, ಸಣ್ಣ ದನಿಯಲ್ಲಿ ಒಂದು ಸಂಖ್ಯೆ ಹೇಳಿ, ತಲೆ ಅಲ್ಲಾಡಿಸಿ, ಚರ್ಮ ಇಲ್ಲದ, ಎಣ್ಣೆ ಹಚ್ಚದ ಎರಡು ಕೋಳಿತುಂಡು ಬೇರೆ ತಟ್ಟೆಯಲ್ಲಿ ಸುಟ್ಟುಕೊಡಲು ಆಗುತ್ತದಾ ಎಂದು ಕೇಳಿದಳು. ಅಷ್ಟು ಹೊತ್ತಿಗೆ ಅಕ್ಕಪಕ್ಕದವರ ಕೈಗಳೂ ನಿಂತಿದ್ದವು. ಯಾರೋ ಒಬ್ಬರು ತಮ್ಮ ಮುಂದಿನ ಅನ್ನವನ್ನು ಬೆರಳಿನಲ್ಲಿ ಒತ್ತಿ ತುಪ್ಪ ಎಷ್ಟಿದೆಯೆಂದು ನೋಡಿದರು.

"ನನ್ನ ಹೋಟೆಲಿನ ಅನ್ನ ತಿಂದು ಯಾರಾದ್ರೂ ಸತ್ತಿದಾರೇನಮ್ಮಾ?" ಎಂದ ಅಫ್ತಾಬ್.

"ಇನ್ನೂ ಇಲ್ಲ. ಇವತ್ತು ತಾನೆ ತೆರೆದಿದೀರಾ."

ಒಬ್ಬಿಬ್ಬರು ನಕ್ಕರು. ಆ ನಗುವೇ ಕೆಟ್ಟದಾಯಿತು. ಅಫ್ತಾಬನ ಮುಖ ಕೆಂಪಾಯಿತು. ಇರಮ್ ನೀರಿನ ಜಗ್ಗನ್ನು ಅಲ್ಲೇ ಇಟ್ಟು ಒಳಗೆ ಹೋದಳು. ಅರ್ಷದ್ ಹೆಂಡತಿಯ ಮೊಣಕೈ ಹಿಡಿದು ಏನೋ ಹೇಳಿದ. ಮಹೀನ್ ಕೈ ಬಿಡಿಸಿಕೊಂಡು, ಬ್ಯಾಗಿನಲ್ಲಿದ್ದ ಸೌತೆಕಾಯಿಯ ಡಬ್ಬಿ ತೆಗೆದು ಎಲ್ಲರೆದುರೂ ತಿಂದಳು.

ಆ ರಾತ್ರಿ ಮನೆಯಲ್ಲಿ ಇರಮ್ ಒಲೆ ಹಚ್ಚಲಿಲ್ಲ. ತನ್ನ ಅಣ್ಣನ ಮಾನ ಒಂದು ಮೊಬೈಲಿಗೆ ಹೋಯಿತು, ಇನ್ನು ಈ ಹೆಂಗಸು ಕೂತ ಹರಿವಾಣದಲ್ಲಿ ತಾನು ಕೈ ಇಡುವುದಿಲ್ಲ ಎಂದು ಗಂಡನಿಗೆ ಹೇಳಿದಳು. ಮಕ್ಸೂದ್ ತಮ್ಮನಿಗೆ ಹೇಳಿದ. ಅರ್ಷದ್, ಅವಳಿಗೆ ಡಾಕ್ಟರು ಹೇಳಿದಾರೆ ಭಾಯಿ ಎಂದ. "ಡಾಕ್ಟ್ರು ನೆಂಟರ ಮುಂದೆ ಉಗೀರಿ ಅಂತ್ಲೂ ಬರೆದ್ಕೊಟ್ಟಿದಾರಾ?" ಎಂದ ಅಣ್ಣ. ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ದನಿ ಏರಿಸಿದ್ದು ಅದೇ ಮೊದಲು. ಪಡಸಾಲೆಯಲ್ಲಿ ಜಪಮಣಿ ಎಣಿಸುತ್ತಿದ್ದ ಕುಲ್ಸುಂ ಬೀಯವರ ಬೆರಳು ಎಣಿಕೆ ತಪ್ಪಿತು. ಮೊದಲಿನಿಂದ ಶುರು ಮಾಡಿದರು, ಮತ್ತೆ ತಪ್ಪಿತು.

ಮಾರನೆಯ ದಿನದಿಂದ ಅವರು ಒಂದು ಕೆಲಸ ಮಾಡತೊಡಗಿದರು.

ಮಂಡಿನೋವಿನಿಂದ ಒಲೆಯ ಮುಂದೆ ನಿಲ್ಲಲಾರದ ಅವರಿಗೆ ಮನೆಯಲ್ಲಿ ಉಳಿದಿದ್ದ ಕೆಲಸ ಹಿಟ್ಟು ನಾದುವುದೊಂದೇ. ಮಹೀನ್ ತನ್ನ ಎರಡು ಚಪಾತಿಯ ಹಿಟ್ಟನ್ನು ತೂಗಿ, ಬೇರೆ ಬಟ್ಟಲಲ್ಲಿ ಅತ್ತೆಯ ಮುಂದಿಟ್ಟು ಸ್ನಾನಕ್ಕೆ ಹೋಗುತ್ತಿದ್ದಳು. ಕುಲ್ಸುಂ ಬೀ ಆ ಹಿಟ್ಟಿಗೆ ಎರಡು ಚಮಚ ತುಪ್ಪ ಹಾಕಿ ನಾದಿದರು. ಅವಳಿಗೆಂದು ಕೆನೆ ತೆಗೆದಿಟ್ಟಿದ್ದ ಹಾಲಿಗೆ ಕೆನೆಯನ್ನು ಕಡೆದು ವಾಪಸ್ ಸೇರಿಸಿದರು. ಮೈಯಲ್ಲಿ ಒಂದಿಷ್ಟು ಕಸುವು ಬಂದರೆ ಬಸಿರು ನಿಲ್ಲುತ್ತದೆ, ಬಸಿರು ನಿಂತರೆ ಈ ತಕ್ಕಡಿ, ಈ ಮೊಬೈಲು ಎಲ್ಲ ಮೂಲೆಗೆ ಹೋಗುತ್ತದೆ, ಮಕ್ಕಳಿಬ್ಬರೂ ಮತ್ತೆ ಒಂದೇ ತಟ್ಟೆಗೆ ಕೂರುತ್ತಾರೆ. ಅವರ ಲೆಕ್ಕ ಅಷ್ಟು. ಪ್ರತಿ ಸಲ ನಾದುವಾಗಲೂ ತುಟಿಯಲ್ಲಿ ದುವಾ ಇರುತ್ತಿತ್ತು.

ಈಚೆಗೆ ಚಪಾತಿ ಮೆತ್ತಗೆ ಬರುತ್ತಿದೆ ಅಮ್ಮಿ, ಎಂದಳು ಮಹೀನ್ ಒಂದು ದಿನ. ಗುಬ್ಬಿಯಿಂದ ಬಂದ ಮೇಲೆ ಅತ್ತೆಯ ಜೊತೆ ಅವಳು ನೆಟ್ಟಗೆ ಆಡಿದ ಮಾತು ಅದೊಂದೇ.

ಹಿಟ್ಟಿನ ಬಟ್ಟಲು ತೊಳೆಯುವವಳು ಇರಮ್. ಬಟ್ಟಲಿಗೆ ಹತ್ತಿದ ಜಿಡ್ಡು ಅವಳ ಕೈಗೆ ಮೊದಲನೆಯ ವಾರವೇ ತಿಳಿಯಿತು. ಬಾಯಿ ಬಿಡಲಿಲ್ಲ. ಭಾನುವಾರದ ಹೋಟೆಲು ನಿಂತುಹೋಗಿತ್ತು. ಒಂದು ಹರಿವಾಣಕ್ಕೆ ಇಬ್ಬರು ಸೊಸೆಯರು ಕೂರುವ ಹಾಗಿರಲಿಲ್ಲ, ಎರಡು ಹರಿವಾಣ ತರಿಸಲು ಕುಲ್ಸುಂ ಬೀ ಒಪ್ಪುವ ಹಾಗಿರಲಿಲ್ಲ. ವಾರಕ್ಕೆ ಒಂದು ದಿನ ತಣ್ಣಗಿರುತ್ತಿದ್ದ ಒಲೆಯ ಮುಂದೆ ಇರಮ್ ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ನಿಂತಿರುತ್ತಿದ್ದಳು. ಯಾರ ತೂಕ ಏರಿದರೇನು, ಇಳಿದರೇನು.

ಆರನೆಯ ವಾರ ಮುಗಿಯುವ ಹೊತ್ತಿಗೆ ಅರ್ಷದ್ ಹೆಂಡತಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಬಂದಾಗ ಇಬ್ಬರ ಮುಖವೂ ನೋಡುವ ಹಾಗಿರಲಿಲ್ಲ. ತೂಕ ಇಳಿದಿರಲಿಲ್ಲ, ಅರ್ಧ ಕೇಜಿ ಏರಿತ್ತು. ಮಹೀನ್ ಮೊಬೈಲಿನ ಲೆಕ್ಕ ತೋರಿಸಿದರೆ ಡಾಕ್ಟರು ನಂಬಲಿಲ್ಲ. ತಿನ್ನುವುದನ್ನು ಬರೆಯದೆ ಬಿಡುತ್ತಿದ್ದೀರಿ, ನನಗೆ ಸುಳ್ಳು ಹೇಳಿ ಪ್ರಯೋಜನವಿಲ್ಲ, ಹೀಗೇ ಆದರೆ ಈ ವರ್ಷ ಶುರು ಮಾಡುವುದು ಬೇಡ ಎಂದುಬಿಟ್ಟಿದ್ದರು.

ಮಹೀನ್ ಬುರ್ಖಾ ಕೂಡ ತೆಗೆಯದೆ ಅಡುಗೆಮನೆಗೆ ಹೋದಳು.

"ಭಾಭಿ, ನಿಜ ಹೇಳಿ. ಸಾರಿಗೆ ಎಷ್ಟು ಎಣ್ಣೆ ಸುರೀತಿದೀರಾ? ನನ್ನ ಮೇಲಿನ ಸಿಟ್ಟಿಗೆ ಹಿಂಗೆ ಮಾಡ್ತಿದೀರಾ?"

ಇರಮ್ ಈರುಳ್ಳಿ ಹೆಚ್ಚುತ್ತಿದ್ದ ಚಾಕು ಕೆಳಗಿಟ್ಟಳು. ಎಣ್ಣೆಯ ಮಾತು ಆ ಮನೆಯಲ್ಲಿ ಅವಳು ಇನ್ನೊಂದು ಸಲ ಹೊರಲು ತಯಾರಿರಲಿಲ್ಲ.

"ನನ್ನ ಎಣ್ಣೆ ಕೇಳ್ಬೇಡ. ನಿನ್ನ ಹಿಟ್ಟು ಯಾರು ನಾದ್ತಾರೆ, ಅವ್ರನ್ನ ಕೇಳು. ನಿನ್ನ ಹಾಲಿನ ಕೆನೆ ಎಲ್ಲಿ ಹೋಗುತ್ತೆ, ಅದನ್ನೂ ಕೇಳು."

ಕುಲ್ಸುಂ ಬೀ ಗೋಡೆಗೆ ಒರಗಿ ಕೂತಿದ್ದರು. ಸುಳ್ಳು ಅವರಿಗೆ ಬರುತ್ತಿರಲಿಲ್ಲ.

"ಹೌದು. ಹಾಕಿದೀನಿ," ಎಂದರು.

"ಯಾವಾಗಿಂದ?"

"ಗುಬ್ಬಿಯಿಂದ ಬಂದ ಮಾರನೇ ದಿನದಿಂದ. ವಿಷ ಹಾಕ್ಲಿಲ್ಲ ಕಣಮ್ಮಾ, ತುಪ್ಪ ಹಾಕಿದೀನಿ. ದುವಾ ಓದಿ ಹಾಕಿದೀನಿ."

"ಎಷ್ಟು?"

"ಎಷ್ಟು ಅಂದ್ರೆ? ಎರಡು ಚಮಚ."

ಮಹೀನ್ ಅಲ್ಲೇ ನೆಲದ ಮೇಲೆ ಕೂತು ಮೊಬೈಲ್ ತೆಗೆದಳು. ಅಳಲಿಲ್ಲ. ಒಂದೊಂದನ್ನೇ ಒತ್ತಿ, ಬಾಗಿಲಲ್ಲಿ ನಿಂತ ಮಕ್ಸೂದನಿಗೂ ಕೇಳುವ ಹಾಗೆ ಓದಿದಳು: ತುಪ್ಪ, ಕೆನೆ, ಎರಡೂ ಸೇರಿ ದಿನಕ್ಕೆ ಮುನ್ನೂರು, ಮಧ್ಯೆ ಒಂದು ದಿನವೂ ಬಿಡದೆ ಇಪ್ಪತ್ತೆಂಟು ದಿನ, ಎಂಟು ಸಾವಿರದ ನಾನೂರು. "ನಾನು ರಾತ್ರಿ ಹಸಿವಿಗೆ ನಿದ್ದೆ ಬರದೆ ನೀರು ಕುಡ್ಕೊಂಡು ಮಲಗಿದ ಅಷ್ಟೂ ದಿನ," ಎಂದಳು. "ಡಾಕ್ಟ್ರ ಮುಂದೆ ಸುಳ್ಳಿ ಅನ್ನಿಸ್ಕೊಂಡು ಬಂದೆ."

ಅಮ್ಮಿಯ ಮುಂದೆ ಲೆಕ್ಕ ಓದುತ್ತೀಯಾ, ಮರ್ಯಾದೆ ಇದೆಯಾ ಎಂದು ಮಕ್ಸೂದ್ ಮುಂದೆ ಬಂದ.

"ಓದ್ಲಿ ಬಿಡು ಭಾಯಿ," ಎಂದ ಅರ್ಷದ್. "ಅವಳು ಓದೋದು ಕೇಳಿಸ್ಕೋ."

"ಹೆಂಡ್ತಿ ಹೇಳಿದ್ದಕ್ಕೆಲ್ಲ ತಾಳ ಹಾಕು ನೀನು."

"ಅವಳ ಜಾಗದಲ್ಲಿ ಇರಮ್ ಭಾಭಿ ಇದ್ದಿದ್ರೆ ನೀನೇನು ಮಾಡ್ತಿದ್ದೆ?"

"ಅವಳು ನಮ್ಮಮ್ಮನ ಮುಂದೆ ಬಾಯಿ ಬಿಡ್ತಿರ್ಲಿಲ್ಲ."

ಇರಮ್ ಚಾಕು ಎತ್ತಿಕೊಂಡು ಈರುಳ್ಳಿ ಹೆಚ್ಚುವುದನ್ನು ಮುಂದುವರಿಸಿದಳು. ಇಪ್ಪತ್ತೊಂದು ವರ್ಷದಲ್ಲಿ ಗಂಡ ತನ್ನ ಬಗ್ಗೆ ಆಡಿದ ಒಂದೇ ಹೊಗಳಿಕೆ ಅದು. ಅದನ್ನು ಕೇಳಿ ಅವಳ ಚಾಕುವಿನ ಸದ್ದು ಇನ್ನೂ ಜೋರಾಯಿತು.

ಮರುದಿನ ಬೆಳಿಗ್ಗೆ ಮಹೀನ್ ಬಟ್ಟೆಯ ಜೊತೆ ತಕ್ಕಡಿಯನ್ನೂ ಸೂಟ್‌ಕೇಸಿಗೆ ಹಾಕಿಕೊಂಡು ಕುಣಿಗಲ್‌ಗೆ, ತವರಿಗೆ ಹೋದಳು. ಅತ್ತೆಗೆ ಸಲಾಂ ಹೇಳಿ ಹೋದಳು. ಅದಕ್ಕಿಂತ ಹೇಳದೆ ಹೋಗಿದ್ದರೆ ಚೆನ್ನಾಗಿತ್ತು ಎನ್ನಿಸಿತು ಕುಲ್ಸುಂ ಬೀಯವರಿಗೆ.

ಆಮೇಲಿನ ವಾರಗಳಲ್ಲಿ ಮನೆ ನಡೆದ ರೀತಿಯೇ ಬೇರೆ. ಅರ್ಷದ್ ವಾರಕ್ಕೆ ಮೂರು ದಿನ ಅಂಗಡಿಯಿಂದ ಹಾಗೇ ಕುಣಿಗಲ್ ಬಸ್ ಹತ್ತುತ್ತಿದ್ದ. ಅಂಗಡಿಯಲ್ಲಿ ರೆಕ್ಸಿನ್ ಕತ್ತರಿಸುವ ಮೇಜಿನ ಎರಡು ಕಡೆ ಅಣ್ಣತಮ್ಮಂದಿರು ಎರಡು ಡಬ್ಬಿ ಬಿಚ್ಚಿ ಉಣ್ಣುತ್ತಾರೆ ಎಂದು ಅಲ್ಲಿಯ ಹೊಲಿಗೆಯವನು ಹೇಳಿದ್ದು ಕುಲ್ಸುಂ ಬೀಯವರ ಕಿವಿಗೂ ಬಿತ್ತು. ನಿಮ್ಮ ಅಮ್ಮಿಗೆ ಬುದ್ಧಿ ಹೇಳುವವರು ಯಾರೂ ಇಲ್ಲವೇ ಎಂದು ಮಹೀನಳ ತಂದೆ ಫೋನಿನಲ್ಲಿ ಕೂಗಾಡಿದರು. ಕೊನೆಗೊಂದು ಸಂಜೆ ಅರ್ಷದ್ ಬಂದು, ಎರಡು ಕೋಣೆಯ ಬಾಡಿಗೆ ಮನೆ ನೋಡಿದ್ದೇನೆ, ಬರುವ ಒಂದನೇ ತಾರೀಕಿಗೆ ಹೋಗುತ್ತೇವೆ ಎಂದ. ತೂಕ ಆರು ಕೇಜಿ ಇಳಿದಿದೆ, ಸದ್ಯಕ್ಕೆ ಅಷ್ಟು ಸಾಕು, ಟ್ರೀಟ್‌ಮೆಂಟ್ ಶುರು ಮಾಡೋಣ ಎಂದು ಡಾಕ್ಟರು ಗುರುವಾರ ಬರಹೇಳಿದ್ದಾರೆ ಎಂದೂ ಹೇಳಿದ.

ಕುಲ್ಸುಂ ಬೀ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನೀವೂ ಲೆಕ್ಕ ಶುರು ಮಾಡಿದ್ರಾ ಅಮ್ಮಿ, ಎಂದಳು ಇರಮ್ ತಟ್ಟೆ ಎತ್ತುತ್ತ. ಮೂರನೆಯ ದಿನ ಅವರು ಮಕ್ಸೂದನಿಗೆ ಕುಣಿಗಲ್‌ಗೆ ಹೋಗಬೇಕು, ಕಾರು ತೆಗೆ ಎಂದರು.

ಮಹೀನ್ ಫೋನಿನಲ್ಲಿ, ಮನೆಗೆ ಬರಬೇಡಿ ಎಂದಿದ್ದಳು. ನಮ್ಮ ಅಬ್ಬಾ ಸಿಟ್ಟಿನಲ್ಲಿದ್ದಾರೆ, ಮಾತು ಕೆಡುತ್ತದೆ. ಕುಣಿಗಲ್ ಬಸ್‌ಸ್ಟ್ಯಾಂಡಿನ ಎದುರಿನ ಸಸ್ಯಾಹಾರಿ ಹೋಟೆಲಿನಲ್ಲಿ ಅವಳೊಬ್ಬಳೇ ಬಂದು ಕೂತಿದ್ದಳು. ಕೆನ್ನೆ ಒಳಸೇರಿ ಕಣ್ಣು ದೊಡ್ಡದಾಗಿತ್ತು. ಮಕ್ಸೂದ್ ಪಾರ್ಕಿಂಗ್ ನೆಪ ಹೇಳಿ ಹೊರಗೇ ಉಳಿದ.

ಅವಳು ಎರಡು ಇಡ್ಲಿ ಹೇಳಿದಳು, ಸಾಂಬಾರು ಬೇರೆ ಬಟ್ಟಲಲ್ಲಿ, ಚಟ್ನಿ ಬೇಡ. ನಿಮಗೇನಮ್ಮಾ ಎಂದು ಮಾಣಿ ಕೇಳಿದಾಗ ಕುಲ್ಸುಂ ಬೀ, ಅದನ್ನೇ ಕೊಡಪ್ಪಾ ಎಂದರು. ಎರಡು ತಟ್ಟೆ ಬಂದವು. ಅಪರಿಚಿತರು ಎದುರುಬದುರು ಕೂತಂತೆ ಇಬ್ಬರೂ ತಮ್ಮ ತಮ್ಮ ತಟ್ಟೆ ನೋಡಿಕೊಂಡು ತಿಂದರು.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ಕುಲ್ಸುಂ ಬೀ ಒಂದೊಂದಾಗಿ ಇಟ್ಟರು. ಬಾಡಿಗೆ ಮನೆಗೆ ಹೋಗಿ, ತಾನು ತಡೆಯುವುದಿಲ್ಲ. ಮಂಚ, ಬೀರು ಮಕ್ಸೂದ್ ಕಳಿಸಿಕೊಡುತ್ತಾನೆ. ಭಾನುವಾರ ಬನ್ನಿ ಎಂದು ಕರೆಯುವುದೂ ಇಲ್ಲ. ಅಂಗಡಿ ಒಂದು ಒಡೆಯದಿದ್ದರೆ ಸಾಕು.

"ಅಂಗಡಿ ವಿಷಯ ಅವ್ರಿಬ್ರಿಗೆ ಬಿಟ್ಟಿದ್ದು," ಎಂದಳು ಮಹೀನ್.

"ನನ್ನ ತಪ್ಪು ಅಂತಾನೇ ಇಟ್ಕೋ. ನಿನ್ನ ಒಳ್ಳೇದಕ್ಕೇ ಮಾಡಿದ್ದು."

"ಎಂಟು ಸಾವಿರದ ನಾನೂರು ಕ್ಯಾಲೊರಿ ಒಳ್ಳೇದು."

ಕುಲ್ಸುಂ ಬೀ ನೀರು ಕುಡಿದರು. ಮನೆ ಹೋಯಿತು, ಭಾನುವಾರ ಹೋಯಿತು. ಅವರಿಗೆ ಇನ್ನು ಬೇಕಿದ್ದುದು ಒಂದೇ.

"ಗುರುವಾರ ನಾನೂ ಬರ್ತೀನಿ," ಎಂದರು. "ಒಳಗೆ ಬರಲ್ಲ. ಆಸ್ಪತ್ರೆ ಹೊರಗೆ ಬೆಂಚಿನ ಮೇಲೆ ಕೂತಿರ್ತೀನಿ. ಎರಡು ಸಲ ಕಳ್ಕೊಂಡಾಗ್ಲೂ ನಿನ್ನ ಪಕ್ಕ ನಾನೇ ಕೂತಿದ್ದೆ, ನೆನಪಿದ್ಯಾ? ಶುರುವಾಗೋ ದಿನ ಒಂದು ದಿನ ಕೂತ್ಕೊಳ್ಳೋಕೆ ಬಿಡು. ಏನೂ ತರಲ್ಲ. ನೀರು ಕೂಡ ತರಲ್ಲ."

ಮಹೀನ್ ಕೊನೆಯ ತುತ್ತು ನುಂಗಿ, ಕಾಗದದಲ್ಲಿ ಬೆರಳು ಒರೆಸಿಕೊಂಡಳು. ಮೊಬೈಲಿನಲ್ಲಿ ಇಡ್ಲಿಯ ಲೆಕ್ಕ ಬರೆದು ಮುಗಿಸಿದಳು. ಆಮೇಲೆ ತಲೆಯೆತ್ತಿ ಅತ್ತೆಯ ಮುಖವನ್ನೇ ನೋಡಿದಳು.

"ನೆನಪಿದೆ," ಎಂದಳು. "ಬೇಡ ಅಮ್ಮಿ. ನೀವು ಬರ್ಬೇಡಿ."